ಅಡುಗೆಮನೆಯಲ್ಲಿ ಮಲಗಿದ ಹಸು

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತಾರೆ, ಬರೆಯಬಾರದು ಅಂತ ನನಗೆ ಯಾರೂ ಹೇಳಿಲ್ಲ. ನಮ್ಮ ಯಜಮಾನರು ಏಕಾಂತಯ್ಯ. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಅವರ ಹೆಸರಿನಲ್ಲಿದ್ದ ಏಕಾಂತ ಬಿಟ್ಟರೆ ಬೇರೆ ಏಕಾಂತ ನಮಗೆ ಸಿಕ್ಕಿರಲಿಲ್ಲ. ಕಾಟನ್‌ಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಹನ್ನೊಂದು ಜನ, ಒಂದೇ ಒಲೆ. ಕಿರಿಯ ಸೊಸೆಯಾದ ನನಗೆ ಬಿಸಿ ರೊಟ್ಟಿ ಕಣ್ಣಿಗೆ ಬೀಳುತ್ತಿತ್ತೇ ಹೊರತು ಬಾಯಿಗೆ ಬಿದ್ದದ್ದಿಲ್ಲ. ಜೋರಾಗಿ ನಕ್ಕರೆ ಗೋಡೆಯಾಚೆ ನಮ್ಮತ್ತೆ ಸಿದ್ದಗಂಗಮ್ಮನವರು ಕೆಮ್ಮುತ್ತಿದ್ದರು. ನನ್ನದೋ ಒಮ್ಮೆ ನಗು ಹತ್ತಿದರೆ ಬಿಡುವ ಜಾಯಮಾನವಲ್ಲ. ಸೆರಗು ಬಾಯಿಗೆ ತುರುಕಿಕೊಂಡು ನಕ್ಕೂ ನಕ್ಕೂ ನನ್ನ ಸೀರೆಗಳ ಸೆರಗೆಲ್ಲ ಸವೆದುಹೋಗಿತ್ತು.

ಹೀಗಿರುವಾಗ ಜಯನಗರದಲ್ಲಿ, ಯಡಿಯೂರು ಕೆರೆಗೆ ಹತ್ತಿರದಲ್ಲಿ, ನಮಗೊಂದು ಸೈಟು ಸಿಕ್ಕಿತು. ೧೯೫೯ರ ಹೊತ್ತಿಗೆ ಅದರ ಮೇಲೆ ಒಂದು ಮನೆಯೂ ಎದ್ದಿತು. ನಡುಮನೆ, ಒಂದು ಕೋಣೆ, ಅಡುಗೆಮನೆ, ಹಿತ್ತಲು, ಅಷ್ಟೇ. ಕನ್ನಡಿಯಂತೆ ಹೊಳೆಯುವ ಕೆಂಪು ಗಾರೆ ನೆಲ. ಗಾರೆ ಒಣಗುವ ಮೊದಲೇ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಲೆ ಎಲ್ಲಿ, ಕುಡಿಯುವ ನೀರಿನ ಹಂಡೆ ಎಲ್ಲಿ, ನಾನು ಕೂತು ಬಿಸಿ ರೊಟ್ಟಿ ತಿನ್ನುವ ಜಾಗ ಎಲ್ಲಿ ಅಂತ ಮನಸ್ಸಿನಲ್ಲೇ ಗುರುತು ಹಾಕಿಬಿಟ್ಟಿದ್ದೆ.

ಆದರೆ ಗೃಹಪ್ರವೇಶಕ್ಕೆ ದಿನ ಗೊತ್ತಾದಾಗ ಅತ್ತೆ ಒಂದು ಮಾತು ಎಸೆದಿದ್ದರು. "ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಆ ಒಲೆ ಮೇಲೆ ಹಾಲು ಉಕ್ಕಬೇಕು. ಉಕ್ಕಲಿಲ್ಲವೋ, ಆ ಮನೇನ ಬಾಡಿಗೆಗೆ ಬಿಟ್ಟು ನೀವಿಬ್ಬರೂ ಇಲ್ಲೇ ಇರ್ತೀರಿ."

ನಮ್ಮ ಯಜಮಾನರು ತಾಯಿಯ ಮಾತಿಗೆ ಎದುರಾಡಿದವರಲ್ಲ. ಅವರು ಯಾರಿಗೂ ಎದುರಾಡಿದವರಲ್ಲ. ಹಾಗಾಗಿ ಆ ಹಾಲು ಉಕ್ಕಿಸುವ ಭಾರ ಪೂರ್ತಿ ನನ್ನ ತಲೆಯ ಮೇಲೆ ಬಿತ್ತು.

ಹೊಸ ಮನೆಗೆ ಯಜಮಾನರಿಗಿಂತ ಮೊದಲು ಹಸು ಹೋಗಬೇಕಲ್ಲ. ಅತ್ತೆಗೆ ಅದೂ ಎಂಥದೋ ಒಂದಾದರೆ ಆಗದು. ಬಿಳಿ ಮೈ ಇರಬೇಕು, ಕಾಡಿಗೆ ಹಚ್ಚಿದಂಥ ಕಣ್ಣಿರಬೇಕು, ಜೊತೆಗೆ ಕರು ಇರಬೇಕು. ಹುಡುಕಿಕೊಂಡು ಯಡಿಯೂರಿನ ಸೊಣ್ಣಮ್ಮನ ಕೊಟ್ಟಿಗೆಗೆ ಹೋದೆ. ಆಕೆ ಊರಿನ ಹಳೇ ಒಕ್ಕಲುತನದ ಮನೆಯವಳು, ಹಾಲು ಮಾರಿ ಬದುಕುವ ಗಟ್ಟಿ ಹೆಂಗಸು. ಅಲ್ಲೇ ನಿಂತಿತ್ತು ನೋಡಿ, ಬೆಳ್ಳಿ ಅನ್ನುವ ಹಸು, ಅತ್ತೆ ಹೇಳಿ ಮಾಡಿಸಿದಂತೆ.

"ಅದು ಬ್ಯಾಡ ಕಣವ್ವ," ಅಂದಳು ಸೊಣ್ಣಮ್ಮ. "ಈ ಕಂದು ಹಸ ಕರ್ಕೊಂಡೋಗು. ಬೆಳ್ಳಿ ಆ ಕಡೀಕೆ ಹೋದ್ರೆ ನನ್ ಮಾತ್ ಕೇಳಾಕಿಲ್ಲ."

ಕಂದು ಹಸುವಿಗೆ ವಯಸ್ಸಾಗಿ ಸೊಂಟದ ಮೂಳೆ ಎದ್ದು ಕಾಣುತ್ತಿತ್ತು. ಪೇಟೆಯವಳು ಬಂದಳು, ಮುದಿ ಹಸು ಸಾಗಹಾಕೋಣ ಅಂತ ನೋಡ್ತಾಳೆ ಅಂತ ನನಗೆ ಪಿತ್ತ ನೆತ್ತಿಗೇರಿತು. "ನನ್ನೇನು ಮಂಕು ಅಂದ್ಕೊಂಡ್ರಾ? ಬೆಳ್ಳೀನೇ ಬೇಕು," ಅಂದೆ. ಯಾಕೆ ಮಾತು ಕೇಳುವುದಿಲ್ಲ ಅಂತ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಸೊಣ್ಣಮ್ಮ ಭುಜ ಕುಣಿಸಿ, "ನಿನ್ನಿಷ್ಟ," ಅಂದಳು.

ಶುಕ್ರವಾರ ಬೆಳಗ್ಗೆ ಮಾವಿನ ತೋರಣ, ಬಾಳೆಕಂಬ, ಮಠದಿಂದ ತಂದ ಉದ್ದನೆಯ ಜಮಖಾನದ ಮೇಲೆ ನೆಂಟರು, ನಡುವೆ ನಮ್ಮತ್ತೆ. ಸೊಣ್ಣಮ್ಮ ಹಸುವನ್ನೂ ಕರುವನ್ನೂ ಗೇಟಿನವರೆಗೆ ತಂದು ಹಗ್ಗವನ್ನು ಯಜಮಾನರ ಕೈಗೆ ಕೊಟ್ಟು, ತಾನು ಆಚೆ ಜಲ್ಲಿ ರಾಶಿಯ ಮೇಲೆ ಕೂತುಬಿಟ್ಟಳು. ಒಳಗೆ ಬನ್ನಿ ಅಂದರೆ ಒಲ್ಲೆ ಅಂತ ತಲೆಯಲ್ಲಾಡಿಸಿದಳು. ಅಯ್ಯನವರು ಪೂಜೆ ಮಾಡಿದರು. ಬೆಳ್ಳಿ ಬಲಗಾಲಿಟ್ಟೇ ಹೊಸಿಲು ದಾಟಿತು. ಅತ್ತೆಯ ಮುಖದಲ್ಲಿ ನಾನು ಒಂಬತ್ತು ವರ್ಷದಲ್ಲಿ ನೋಡಿರದಂಥ ನಗು. ನನ್ನ ಕಾಲು ನೆಲದ ಮೇಲೆ ನಿಲ್ಲದಾಯಿತು.

ನಡುಮನೆ ಸುತ್ತಿ ಹೊರಗೆ ಬರಬೇಕಾದ ಹಸು ತಿರುಗಲೇ ಇಲ್ಲ. ಯಜಮಾನರನ್ನು ಹಗ್ಗದ ಸಮೇತ ಎಳೆದುಕೊಂಡು ನೇರ ಅಡುಗೆಮನೆಗೆ ಹೋಯಿತು. ಉಕ್ಕಿಸಲು ಇಟ್ಟಿದ್ದ ಹಾಲಿಗೆ ಮೂತಿ ಹಾಕಿ ತಳ ಕಾಣುವವರೆಗೆ ಕುಡಿಯಿತು. ಆಮೇಲೆ ಒಲೆಯ ಮುಂದೆ ಕಾಲು ಮಡಚಿ ಮಲಗಿ ಮೆಲುಕು ಹಾಕತೊಡಗಿತು.

ಯಜಮಾನರು ಬಗ್ಗಿ, "ಏಳಿಮ್ಮ, ದಯವಿಟ್ಟು ಏಳಿ, ಹೊತ್ತಾಗುತ್ತೆ," ಅಂದರು. ಹಸುವಿಗೂ ಬಹುವಚನ. ನನಗೆ ನಗು ಹತ್ತಿತು. ಅಯ್ಯನವರು ವಿಭೂತಿ ಹಚ್ಚಿದರು, ಬೆಳ್ಳಿ ನಾಲಗೆ ಚಾಚಿ ಅವರ ಕೈ ನೆಕ್ಕಿತು. ಬಾಳೆಹಣ್ಣು ತೋರಿಸಿದೆವು, ಮಲಗಿದಲ್ಲಿಂದಲೇ ತಿಂದಿತು. ಒಂದು ಡಜನ್ ಹಣ್ಣು ತೀರಿತು. ಬಾಗಿಲ ತೋರಣವನ್ನೂ ಕಿತ್ತು ತಂದು ಕೊಟ್ಟೆವು, ಅದೂ ಹೋಯಿತು.

"ಹಾಲು ಹೋಯ್ತಲ್ಲ ಅಯ್ಯನೋರೆ, ಇದೇನು ಅಪಶಕುನವಾ?" ಅಂತ ಪಿಸುಗುಟ್ಟಿದೆ.

"ಚೆಲ್ಲಿದ್ರೆ ದೋಷ ಅಂತ ಹೇಳಿದ್ದಾರೆ," ಅಂದರು ಅಯ್ಯನವರು ತಲೆ ಕೆರೆದುಕೊಂಡು. "ಹಸು ಕುಡಿದ್ರೆ ಏನು ಅಂತ ಎಲ್ಲೂ ಹೇಳಿಲ್ಲ ತಾಯಿ."

ನಡುಮನೆಯಿಂದ ಅತ್ತೆಯ ಕೆಮ್ಮು ಕೇಳಿಸಿತು. "ಗಂಟೆ ಎಷ್ಟು?" ಯಜಮಾನರು ಗಡಿಯಾರ ನೋಡಿ, "ಹತ್ತು ದಾಟಿ ಐದು ನಿಮಿಷ ಅಮ್ಮ," ಅಂದರು. ಅದನ್ನು ಕೇಳಿ ನನ್ನ ನಗು ಇಂಗಿಹೋಯಿತು. ಕಾಟನ್‌ಪೇಟೆಯ ಆ ಕತ್ತಲೆ ಅಡುಗೆಮನೆ ಕಣ್ಣ ಮುಂದೆ ಬಂತು. ಇಲ್ಲ, ನಾನು ಹೋಗೋದಿಲ್ಲ, ಈ ಹಸುವನ್ನು ಹೊತ್ತು ಆಚೆ ಹಾಕಿಯಾದರೂ ಸರಿ ಅಂದುಕೊಂಡು ಗೇಟಿಗೆ ಓಡಿದೆ.

"ಸೊಣ್ಣಮ್ಮ, ಬೇಗ ಬನ್ನಿ. ನಿಮ್ಮ ಹಸು ಅಡುಗೆಮನೇಲಿ ಮಲಗಿಬಿಟ್ಟಿದೆ, ಏಳ್ತಾ ಇಲ್ಲ."

"ಯಾಕೆ ಎದ್ದೀತು? ಅದು ಅದರ ಮನೆಗೆ ಬಂದೈತೆ," ಅಂದಳು ಆಕೆ ಕೂತಲ್ಲಿಂದಲೇ. "ನಿಮ್ಮ ಒಲೆ ಐತಲ್ಲ, ಆ ತಾವೇ ನಮ್ಮ ಹೊಲದ ಕೊಟ್ಟಿಗೆ ಇದ್ದದ್ದು. ಬೆಳ್ಳಿ ಹುಟ್ಟಿದ್ದು ಅಲ್ಲೇ, ಎಲ್ಡು ವರ್ಸ ಬೆಳೆದದ್ದೂ ಅಲ್ಲೇ. ಬ್ಯಾಡ ಅಂದ್ರೆ ನೀನು ಕೇಳಿದ್ಯಾ?"

ನನಗೆ ನಾಚಿಕೆಯಾಯಿತು, ಆದರೆ ನಾಚಿಕೊಳ್ಳಲು ಪುರುಸೊತ್ತಿರಲಿಲ್ಲ. "ತಪ್ಪಾಯ್ತು. ಈಗ ಬಂದು ಎಬ್ಬಿಸಿಕೊಡಿ."

"ನಾನ್ ಬರಾಕಿಲ್ಲ. ಹೊಲ ಬಡಾವಣೆಗೆ ಹೋದ ದಿನ ಮುನೇಶ್ವರನ ಮುಂದೆ ಆಣೆ ಇಟ್ಟಿವ್ನಿ, ಇನ್ ಆ ಮಣ್ ತುಳಿಯಾಕಿಲ್ಲ ಅಂತ. ನಾಕು ವರ್ಸ ಆಯ್ತು, ತುಳಿದಿಲ್ಲ."

"ಈಗ ನಿಮ್ಮ ಹೊಲದ ಮೇಲೇ ಕೂತಿದ್ದೀರಲ್ಲ?"

"ಜಲ್ಲಿ ಮ್ಯಾಲೆ ಕೂತಿವ್ನಿ," ಅಂದಳು ಸೊಣ್ಣಮ್ಮ ಗತ್ತಿನಿಂದ. "ಮಣ್ ಮುಟ್ಟಿಲ್ಲ."

ನನ್ನ ತಲೆಯೊಳಗೆ ದೀಪ ಹತ್ತಿತು. ಮನೆಯೊಳಗೆಲ್ಲ ಗಾರೆ, ಮಣ್ಣಿಲ್ಲ. ಗೇಟಿನಿಂದ ಬಾಗಿಲಿಗೆ ಹದಿನೈದು ಅಡಿ. ಅಷ್ಟು ಉದ್ದಕ್ಕೆ ಹಾಸುವಂಥದು ಆ ಮನೆಯಲ್ಲಿ ಒಂದೇ ಇತ್ತು, ಮತ್ತು ಅದರ ನಟ್ಟನಡುವೆ ನಮ್ಮತ್ತೆ ಕೂತಿದ್ದರು.

ಒಳಗೆ ಹೋಗಿ ಅವರ ಮುಂದೆ ನಿಂತೆ. "ಅತ್ತೆ, ಏಳಿ. ಜಮಖಾನ ಬೇಕು."

ಒಂಬತ್ತು ವರ್ಷದಲ್ಲಿ ನಾನು ಅವರಿಗೆ ಏಳಿ ಅಂದದ್ದು ಅದೇ ಮೊದಲು. ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ಏನನ್ನಿಸಿತೋ, ಮಂಡಿ ಹಿಡಿದುಕೊಂಡು ಎದ್ದರು. ಅವರು ಎದ್ದ ಮೇಲೆ ಉಳಿದವರು ಏಳದೆ ಇರುತ್ತಾರೆಯೇ? ಯಜಮಾನರು ಒಂದು ತುದಿ, ನಾನೊಂದು ತುದಿ ಹಿಡಿದು, ಬಾಗಿಲಿನಿಂದ ಗೇಟಿನಾಚೆ ಜಲ್ಲಿಯ ತನಕ ಜಮಖಾನ ಹಾಸಿದೆವು.

ಸೊಣ್ಣಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಅಯ್ಯ ನಿನ್ನ, ಭಾರಿ ಕಿಲಾಡಿ ಕಣೆ ನೀನು," ಅಂದಳು. ನಗು ತಡೆಯಲು ಹೋಗಿ ಆಗದೆ ಕಿಸಕ್ಕನೆ ನಕ್ಕೇಬಿಟ್ಟಳು. ನನಗೆ ಅಷ್ಟೇ ಸಾಕಾಗಿತ್ತು. ಇಬ್ಬರೂ ಗೇಟಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಯಜಮಾನರು "ಹತ್ತು ಹದಿನೈದು, ಹತ್ತು ಹದಿನೈದು" ಅಂತ ಬಡಬಡಿಸುತ್ತಿದ್ದರು. ಸೀರೆ ಎತ್ತಿ ಹಿಡಿದು ಆಕೆ ಮಹಾರಾಣಿಯ ಹಾಗೆ ಜಮಖಾನದ ಮೇಲೆ ನಡೆದು ಬಂದಳು. ನೆಂಟರು ಎರಡೂ ಬದಿಗೆ ಸರಿದು ದಾರಿ ಬಿಟ್ಟರು.

ಅಡುಗೆಮನೆಯಲ್ಲಿ ಆಕೆ ಹಸುವಿಗೆ ಬೈಯಲಿಲ್ಲ, ಎಳೆಯಲಿಲ್ಲ. ಕರುವನ್ನು ಮುಂದೆ ತಂದು, ಬೆಳ್ಳಿಯ ಬೆನ್ನು ಸವರಿ, "ಏಳವ್ವ, ಹಾಲು ಕೊಡು," ಅಂದಳು. ಬೆಳ್ಳಿ ಒಳ್ಳೆಯ ಮಗಳ ಹಾಗೆ ಎದ್ದು ನಿಂತಿತು. ಬರಿದಾದ ಪಾತ್ರೆ ತೊಳೆದು ಕೊಟ್ಟೆ. ನನ್ನ ಹೊಸ ಅಡುಗೆಮನೆಯಲ್ಲಿ, ನನ್ನ ಒಲೆಯ ಪಕ್ಕದಲ್ಲೇ, ನೊರೆ ನೊರೆಯಾಗಿ ಹಾಲು ಇಳಿಯಿತು. ಪಾತ್ರೆಯನ್ನು ಒಲೆಗಿಟ್ಟು ಊದಿದೆ, ಯಜಮಾನರು ಊದಿದರು, ಅಯ್ಯನವರೂ ಊದಿದರು. ಹತ್ತು ಇಪ್ಪತ್ತೇಳಕ್ಕೆ ಹಾಲು ಪೂರ್ವದ ಕಡೆಗೆ ಉಕ್ಕಿ ಸುರಿಯಿತು. ಅದೇ ಗಳಿಗೆಗೆ ಬೆಳ್ಳಿ ಬಾಲವೆತ್ತಿ ಕೆಂಪು ಗಾರೆಯ ಮೇಲೆ ಇಷ್ಟೆತ್ತರ ಸಗಣಿ ಹಾಕಿತು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಎಲ್ಲವನ್ನೂ ನೋಡಿದರು.

"ಹಾಲೂ ಉಕ್ಕಿತು, ಸಗಣೀನೂ ಬಿತ್ತು. ಇನ್ನೇನು ಬೇಕು?" ಅಂದರು. "ಕಮಲ, ನಾಳೆಯಿಂದ ಇಲ್ಲೇ ಒಲೆ ಹಚ್ಚು." ಒಂಬತ್ತು ವರ್ಷ ನಾನು ಬೈದುಕೊಂಡ ಆ ಮುದುಕಿಯ ಕಾಲಿಗೆ ಬಿದ್ದೆ, ಸಗಣಿ ತುಳಿದೇ ಬಿದ್ದೆ.

ಸೊಣ್ಣಮ್ಮ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತಿದ್ದಳು. "ಇಲ್ಲಿ ನಿಂತ್ರೆ ನಮ್ಮ ಬಾವಿ ಕಾಣ್ತಿತ್ತು," ಅಂದಳು, ತನ್ನಷ್ಟಕ್ಕೆ. ಅವಳ ಕೈಗೆ ಒಂದು ಲೋಟ ಹಾಲು ಕೊಟ್ಟೆ. ನಿಂತೇ ಕುಡಿದಳು.

ಬೆಳ್ಳಿಯನ್ನು ಹಿಡಿದುಕೊಂಡು ಅವಳು ಹೊರಟಾಗ ನನಗೆ ಅವಳ ಆಣೆ ಜ್ಞಾಪಕ ಬಂತು. ಊಟಕ್ಕೆ ಕೂರಲು ನೆಂಟರು ಜಮಖಾನವನ್ನು ಒಳಗೆ ತಂದು ಹಾಸಿಬಿಟ್ಟಿದ್ದರು. "ತಡೀರಿ ಸೊಣ್ಣಮ್ಮ, ಅವರನ್ನ ಎಬ್ಬಿಸ್ತೀನಿ," ಅಂತ ಓಡಿದೆ.

ಅವಳು ಕೈ ಅಡ್ಡ ಮಾಡಿ ತಡೆದಳು. ಹೊಸಿಲ ಮೇಲೆ ಒಂದು ಗಳಿಗೆ ನಿಂತಳು. ಆಮೇಲೆ ಬರಿಗಾಲನ್ನು ಮೆಲ್ಲಗೆ ಕೆಳಗಿಟ್ಟಳು, ಮಣ್ಣಿನ ಮೇಲೆ, ಇನ್ನೊಂದು ಕಾಲನ್ನೂ ಇಟ್ಟಳು. ಹೆಬ್ಬೆರಳಿನಿಂದ ಮಣ್ಣನ್ನು ಸ್ವಲ್ಪ ಕೆದಕಿದಳು.

"ಮುನೇಶ್ವರಂಗೆ ನಾನು ಹೇಳ್ಕೊತೀನಿ ಬಿಡು," ಅಂದಳು. "ನಾಳೆ ಹಾಲು ತರ್ತೀನಿ. ಹಿತ್ತಲ ಬಾಗ್ಲು ತೆಗೆದಿಟ್ಟಿರು."