ಎಂಟು ಗಂಟೆಯ ಹಾಲು

ಸೊಸೆ ಭಾಗ್ಯಶ್ರೀಗೆ ಅರೆತಲೆನೋವು ಬಂದರೆ ನಾಗಮ್ಮ ಮೊದಮೊದಲು ಮೂಗು ಮುರಿಯುತ್ತಿದ್ದಳು. ಕೆಲಸ ಕಂಡಾಗಲೇ ಬರುವ ನೋವು ಅದೆಂಥದ್ದು ಎಂದು ನೆರೆಯವರೆದುರು ಆಡಿಯೂ ಬಿಟ್ಟಿದ್ದಳು. ಸೊಸೆಗೆ ಬೆಳಕು ಕಂಡರಾಗದು. ನಾಸಿಕದ ಆ ಬಾಡಿಗೆ ಮನೆಯ ಕಿಟಕಿಗಳಿಗೆ ಹಗಲೂ ಚಾದರದ ಮುಸುಕು. ಒಂದು ದಿನ ಅವಳು ವಾಂತಿ ಮಾಡುತ್ತ ಗೋಡೆಗೆ ಹಣೆ ಚಚ್ಚಿಕೊಂಡದ್ದು ಕಂಡು ಮುದುಕಿ ನಡುವೆ ಕೈ ಅಡ್ಡ ಹಿಡಿದಳು. ಆಡಿದ್ದಕ್ಕೆಲ್ಲ ನಾಚಿದಳು.

ಮಗ ಓಂಕಾರ ಓಝರಿನ ವಿಮಾನ ಕಾರ್ಖಾನೆಗೆ ನಸುಕಿನಲ್ಲೇ ಹೊರಡುವವನು. ಹೀಗಾಗಿ ಸೊಸೆಯನ್ನು ಡಾಕ್ಟರ ಬಳಿ ಕರೆದೊಯ್ದವಳು ನಾಗಮ್ಮನೇ. ಬಿಸಿಲು ಕಾಣದ ಮೈಯಲ್ಲಿ ವಿಟಮಿನ್ ಡಿ ತಳ ಮುಟ್ಟಿದೆ, ತುಂಬಿಸಿದರೆ ಕೆಲವರಿಗೆ ತಲೆನೋವೂ ತಗ್ಗುತ್ತದೆ, ನೋಡೋಣ ಎಂದರು ಡಾಕ್ಟರು. ಔಷಧಿ ಅಂಗಡಿಯವನು ಪುಡಿಯ ಪೊಟ್ಟಣ ಕೊಟ್ಟು, "ಆಠವಡ್ಯಾಲಾ ಏಕ್, ದುಧಾತ್" ಎಂದ. ಭಾಗ್ಯಶ್ರೀ ಕಣ್ಣಿಗೆ ಸೆರಗು ಒತ್ತಿಕೊಂಡು ಹೊರಗೆ ಕೂತಿದ್ದಳು. ನಾಗಮ್ಮನ ಮರಾಠಿ ಕಾಯಿಪಲ್ಯದ ಸಂತೆಯಲ್ಲಿ ಕಲಿತದ್ದು: ಆಠ ಎಂದರೆ ಎಂಟು, ದೂಧ ಎಂದರೆ ಹಾಲು. ಎಂಟು ಗಂಟೆಗೆ ಒಂದು, ಹಾಲಿನಲ್ಲಿ. ಇಷ್ಟು ತಿಳಿಯದೇನು ಎಂದು ತಲೆಯಾಡಿಸಿದಳು.

ದಿನಾ ಎಂಟು ಹೊಡೆಯಿತೆಂದರೆ ಲೋಟ ಹಾಜರು. ಪುಡಿ ತೀರಿದರೆ ಖಾಲಿ ಪೊಟ್ಟಣ ತೋರಿಸಿ ಸಿಕ್ಕ ಅಂಗಡಿಯಲ್ಲಿ ತರುವಳು. ಶ್ರಾವಣದಲ್ಲಿ ನೋವು ತುಸು ತಗ್ಗಿ ಅತ್ತೆ ಹಿಗ್ಗಿದಳು. ದೀಪಾವಳಿ ಹೊತ್ತಿಗೆ ವಾಂತಿ ಮರಳಿತು, ಜೊತೆಗೆ ಆರದ ನೀರಡಿಕೆ. ಹಳೆಯ ನೋವೇ ಕೆರಳಿತೆಂದು ತಿಳಿದ ನಾಗಮ್ಮ, ಒಲ್ಲೆ ಎಂದವಳ ಗದ್ದ ಹಿಡಿದು ಕುಡಿಸಿದಳು.

ಭಾವುಬೀಜದ ಹಬ್ಬಕ್ಕೆ ತಮ್ಮ ರವಿಕಾಂತನಿಗೆ ಆರತಿ ಬೆಳಗಲು ನಾಗಮ್ಮ ಮಗ ಸೊಸೆಯೊಡನೆ ಛತ್ರಪತಿ ಸಂಭಾಜಿನಗರಕ್ಕೆ ಹೋದಳು. ಅಲ್ಲೇ ಭಾಗ್ಯಶ್ರೀಗೆ ಎಚ್ಚರ ತಪ್ಪಿತು. ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಮೂತ್ರಪಿಂಡ ಕೆಟ್ಟಿದೆ, ವಿಟಮಿನ್ ಡಿ ಎಷ್ಟು ಕೊಟ್ಟಿರಿ ಎಂದರು ಆಸ್ಪತ್ರೆಯ ಡಾಕ್ಟರು. ಒಂದು ದಿನವೂ ತಪ್ಪಿಸಿಲ್ಲ ಎಂದು ನಾಗಮ್ಮ ಅಭಿಮಾನದಿಂದಲೇ ಹೇಳಿದಳು. ಡಾಕ್ಟರು ಅವಳನ್ನೇ ನೋಡಿದರು. ಮೂತ್ರಪಿಂಡ ಮತ್ತೆ ಚೇತರಿಸೀತೋ ಇಲ್ಲವೋ ಹೇಳಲಾರೆ, ಸದ್ಯಕ್ಕೆ ಡಯಾಲಿಸಿಸ್, "ಆಠವಡ್ಯಾಲಾ ತೀನ್ ವೇಳಾ" ಎಂದರು.

ನಾಗಮ್ಮ ಮಗನ ತೋಳು ಹಿಡಿದಳು. "ಎಂಟು ಗಂಟೇಕ ಮೂರು ಸಲ ಹ್ಯಾಂಗೋ?"

"ಎಂಟು ಗಂಟೆ ಅಲ್ಲವ್ವ. ಆಠವಡಾ ಅಂದ್ರ ವಾರ."

"ವಾರಕ್ಕೊಂದು?" ಎಂದಳು ನಾಗಮ್ಮ. ಅವಳು ಯಾವುದರ ಮಾತಾಡುತ್ತಿದ್ದಾಳೆಂದು ಮಗನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಆಮೇಲೆ ಅವನು ತೋಳು ಬಿಡಿಸಿಕೊಂಡ.

ಮರುದಿನ ಬೆಳಿಗ್ಗೆ ಭಾಗ್ಯಶ್ರೀ ಕಣ್ಣು ತೆರೆದಳು. ಬಾಗಿಲಲ್ಲಿ ನಿಂತ ಅತ್ತೆಯನ್ನು ಗುರುತಿಸಿ, ಒಣಗಿದ ತುಟಿಯಲ್ಲೇ ಕೇಳಿದಳು:

"ಎಂಟು ಆತೇನ್ರಿ ಅತ್ತಿ? ಹಾಲು ತರ್ರಿ, ಇವತ್ತ ಹಟಾ ಮಾಡಂಗಿಲ್ಲ."

ನಾಗಮ್ಮನಿಗೆ ಹೊಸಿಲು ದಾಟಲಾಗಲಿಲ್ಲ.