ನೆತ್ತಿಯ ಮೇಲೆ ಬಿದ್ದ ಭಾರ

ನಾನು ಒಂದು ಪ್ರೋಬು. ಅಲ್ಟ್ರಾಸೌಂಡ್ ಯಂತ್ರದ ವೈರಿಗೆ ಜೋತುಬಿದ್ದು ಡಾಕ್ಟರ ಕೈಯಲ್ಲಿ ಓಡಾಡುವವನು. ಯಾವುದೋ ದೂರದೇಶದ ಕಾರ್ಖಾನೆಯಲ್ಲಿ ಹೆಣ್ಣುಮಗಳೊಬ್ಬಳು ನನ್ನ ಮೂತಿಯೊಳಗೆ ಹರಳಿನ ಚೂರುಗಳನ್ನು ಕೂರಿಸಿದಳು. ಮನುಷ್ಯರ ಕಿವಿಗೆ ಬೀಳದ ಸದ್ದನ್ನು ಕಳಿಸುತ್ತೇನೆ, ಮರಳಿ ಬಂದದ್ದು ತೆರೆಯ ಮೇಲೆ ಚಿತ್ರವಾಗುತ್ತದೆ. ಕೆಲವು ವರ್ಷ ಪೇಟೆಯ ಆಸ್ಪತ್ರೆಯೊಂದರಲ್ಲಿ ಮಕ್ಕಳ ಹೊಟ್ಟೆನೋವು ನೋಡಿಕೊಂಡು ಹಾಯಾಗಿದ್ದೆ. ಅಲ್ಲಿಗೆ ಹೊಸ ಯಂತ್ರ ಬಂತು. ನನ್ನನ್ನು ತುಂಗಭದ್ರೆಯಾಚೆಯ ಸಣ್ಣ ಆಸ್ಪತ್ರೆಗೆ ಸಾಗಹಾಕಿದರು.

ಅಲ್ಲಿ ಮೊದಲ ದಿನವೇ ದಂಗಾದೆ. ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡು ಅದು. ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಕೂಸಿನ ತಲೆಯ ಮುಂದೆ ನಾನೇ ದೈತ್ಯನಂತಿದ್ದೆ. ಮೂಳೆ ಇನ್ನೂ ಕೂಡದ ಅದರ ಮೆತ್ತನೆಯ ನೆತ್ತಿಯ ಮೇಲೆ ಜೆಲ್ಲು ಸವರಿ ನನ್ನನ್ನಿಟ್ಟರು. ಮೆದುಳಿನಲ್ಲಿ ಹರಿಯುವ ರಕ್ತ ತೆರೆಯ ಮೇಲೆ ಅಲೆಯಾಗಿ ಮೂಡಿತು. ಎದೆ ಬಡಿದಾಗ ಅಲೆ ಏಳಬೇಕು. ಎರಡು ಬಡಿತಗಳ ನಡುವೆ ತಗ್ಗಬೇಕು, ಆದರೆ ಪೂರ್ತಿ ನಿಲ್ಲಬಾರದು.

ಒಂದು ದಿನ ಹುಲಿಗೆಮ್ಮ ಎಂಬಾಕೆಯ ಕೂಸಿಗೆ ಆ ಅಲೆ ನಿಂತಿತು.

ಅವತ್ತು ನನ್ನನ್ನು ಹಿಡಿದಿದ್ದವನು ಕೊಟ್ರೇಶ, ಹೊಸದಾಗಿ ಸೇರಿದ ಡಾಕ್ಟರು. ಓದಿನಲ್ಲಿ ಚುರುಕು, ಕೈಗೆ ಮಾತ್ರ ಇನ್ನೂ ಬುದ್ಧಿ ಬಂದಿರಲಿಲ್ಲ. ಅಲೆ ಎದ್ದು ಮರುಕ್ಷಣ ನೆಲಕಚ್ಚಿದ್ದನ್ನು ನೋಡಿ ಅವನ ಮುಖ ಬಿಳಿಚಿತು. ಚೆನ್ನಾಗಿ ಕಾಣಲೆಂದು ಇನ್ನಷ್ಟು ಒತ್ತಿದ. ರಕ್ತ ಹಿಂದಕ್ಕೇ ಹರಿಯತೊಡಗಿತು. ಅವನು ಹೆದರಿದಷ್ಟೂ ಒತ್ತುತ್ತಿದ್ದ, ಒತ್ತಿದಷ್ಟೂ ಹೆದರುತ್ತಿದ್ದ.

ಪಕ್ಕದಲ್ಲೇ ತಾಯಿ ಹುಲಿಗೆಮ್ಮ ನಿಂತಿದ್ದಳು.

"ಅಕ್ಕಾ, ಕೂಸಿನ ಮೆದುಳಿಗೆ ರಕ್ತ ಸರಿಯಾಗಿ ಹೋಗವಲ್ದು. ಈಗಿಂದೀಗ ಹುಬ್ಬಳ್ಳಿಗೆ ಒಯ್ಯಬೇಕು," ಅಂದ ಕೊಟ್ರೇಶ.

"ಈ ಪೆಟ್ಟಿಗಿ ಬಿಟ್ಟು ಹೊರಗ ತಗದ್ರ ಜೀವಕ್ಕ ಅಪಾಯ ಅಂದೋರು ನೀವಽ ಅಲ್ಲೇನ್ರಿ ಸರ? ಹಾದ್ಯಾಗ ಏನರ ಆದ್ರ?"

ಕೊಟ್ರೇಶ ತೆರೆಯತ್ತ ಮತ್ತೊಮ್ಮೆ ನೋಡಿದ. ಆಂಬುಲೆನ್ಸಿಗೆ ಹೇಳಿಕಳಿಸಿದ.

ವಾರ್ಡಿನ ದೊಡ್ಡ ಡಾಕ್ಟರು ಮೆಹರುನ್ನೀಸಾ ಮೇಡಂ ಸುದ್ದಿ ಕೇಳಿ ಬಂದರು. ಒಯ್ಯುವ ಮೊದಲು ತಾವೊಮ್ಮೆ ನೋಡುತ್ತೇನೆಂದು ನನ್ನನ್ನು ತೆಗೆದುಕೊಂಡರು. ಕಿರುಬೆರಳನ್ನು ಹಾಸಿಗೆಗೆ ಊರಿ, ಕೈಯ ಭಾರವನ್ನೆಲ್ಲ ಅಲ್ಲಿಗೇ ಬಿಟ್ಟು, ನನ್ನ ಮೂತಿಯನ್ನು ಜೆಲ್ಲಿಗೆ ಸೋಕಿಸಿದರು, ಅಷ್ಟೇ. ಅಲೆ ಎದ್ದಿತು, ತಗ್ಗಿತು, ನಿಲ್ಲಲಿಲ್ಲ. ಅವರು ಬಹಳ ಹೊತ್ತು ನೋಡಿದರು. ಅದು ನಿಲ್ಲಲೇ ಇಲ್ಲ.

"ಕೊಟ್ರೇಶ, ಒತ್ತಬ್ಯಾಡ. ಇಟ್ರ ಸಾಕು. ಗಾಡಿ ಬ್ಯಾಡ ಅಂತ ಹೇಳು."

ನನಗೆ ಆದ ಆಘಾತವನ್ನು ಹೇಗೆ ಹೇಳಲಿ? ರಕ್ತ ನಿಂತದ್ದನ್ನು ನಾನು ಕಂಡದ್ದು ಸುಳ್ಳಲ್ಲ. ಅದನ್ನು ನಿಲ್ಲಿಸಿದ್ದು ನಮ್ಮ ಭಾರವೇ.

ಹುಲಿಗೆಮ್ಮ ನಿಟ್ಟುಸಿರುಬಿಟ್ಟು, ಕೂಸಿನ ತಲೆ ನೇವರಿಸಲು ಪೆಟ್ಟಿಗೆಯ ಕಿಂಡಿಯೊಳಗೆ ಕೈ ಚಾಚಿದಳು. ಚಾಚುತ್ತಲೇ ಕೇಳಿದಳು, "ಹಂಗಾರ ಮೊದ್ಲು ಯಾಕ್ ನಿಂತಿತ್ರಿ?"

"ನನ್ನ ಕೈ ಭಾರ ಬಿದ್ದಿತ್ತಕ್ಕಾ," ಅಂದ ಕೊಟ್ರೇಶ. ತಲೆ ಎತ್ತಲಿಲ್ಲ.

ಅವಳ ಕೈ ನೆತ್ತಿಯ ಹತ್ತಿರವೇ ತಡೆದು ನಿಂತಿತು. ತನ್ನ ಬೆರಳುಗಳನ್ನು ಹೊಸದಾಗಿ ಕಂಡವಳ ಹಾಗೆ ನೋಡಿದಳು. ಆಮೇಲೆ ಮೆಲ್ಲಗೆ ಹಿಂದೆ ಸರಿಸಿ, ಕೂಸಿನ ಅಂಗಾಲನ್ನು ಮುಟ್ಟಿದಳು. ನನಗೆ ಕಣ್ಣೀರಿದ್ದಿದ್ದರೆ ಅತ್ತುಬಿಡುತ್ತಿದ್ದೆ.

ಕೂಸು ಬೆಳೆದು ಮನೆಗೆ ಹೋಯಿತು. ನನಗೆ ವಯಸ್ಸಾಯಿತು. ವೈರು ಬಿರುಕುಬಿಟ್ಟು, ಹರಳುಗಳು ಒಂದೊಂದಾಗಿ ಸತ್ತು, ಚಿತ್ರದಲ್ಲಿ ಕಪ್ಪು ಗೆರೆಗಳೆದ್ದವು. ಈಗ ಕೆಟ್ಟ ಸಾಮಾನಿನ ಕಪಾಟಿನಲ್ಲಿ ಮುರಿದ ತೂಕದ ಯಂತ್ರದ ಪಕ್ಕ ಬಿದ್ದಿದ್ದೇನೆ. ಯಾರನ್ನೂ ನೋಯಿಸದೆ ಬರೀ ನೋಡುವವನು ಎಂದು ಒಂದು ಕಾಲಕ್ಕೆ ಜಂಬಪಟ್ಟಿದ್ದೆ, ಆ ಜಂಬ ಅವತ್ತೇ ಇಳಿಯಿತು. ಇಲ್ಲಿ ಮಲಗಿ ಆಗಾಗ ಆ ಕೂಸನ್ನೇ ನೆನೆಯುತ್ತೇನೆ. ಇಷ್ಟು ಹೊತ್ತಿಗೆ ಅದರ ನೆತ್ತಿ ಗಟ್ಟಿಯಾಗಿರುತ್ತದೆ. ಇನ್ನು ಹುಲಿಗೆಮ್ಮ ಹೆದರದೆ ತಲೆ ನೇವರಿಸಬಹುದು.