ಬಾಯಿ ತೆರೆದ ಹೇಸರಗತ್ತೆಗಳು

ಬರ್ಮಾ ಯುದ್ಧದಿಂದ ಬೆಳ್ಳಾರೆಗೆ ಮರಳಿದ ಮಾಯಿಲಪ್ಪ ಬೀದಿನಾಯಿಗಳಿಗೆಲ್ಲ ಅನ್ನ ಹಾಕುತ್ತಿದ್ದ, ಗೋಡೆ ತುಂಬ ಇದ್ದಿಲಿನಲ್ಲಿ ಹೇಸರಗತ್ತೆಗಳನ್ನು ಬಿಡಿಸುತ್ತಿದ್ದ. ಎಲ್ಲವುಗಳ ಬಾಯಿ ತೆರೆದೇ ಇರುತ್ತಿತ್ತು.

“ಎಂತಕ್ಕೆ ಹೀಗೆ?” ಎಂದು ಹೆಂಡತಿ ದುಗ್ಗಮ್ಮ ಒಮ್ಮೆ ಕೇಳಿದ್ದಳು.

“ಕೂಗು ಶತ್ರುಗಳಿಗೆ ಕೇಳಬಾರದೂಂತ ಪಲ್ಟನ್ನಿನಲ್ಲಿ ಸಾಮಾನು ಹೊರುವ ಇವುಗಳ ಗಂಟಲಿನ ನರ ಕತ್ತರಿಸಿದ್ರು ಮಾರಾಯ್ತಿ. ಗುಂಡು ತಾಗಿದಾಗ ಬಾಯಿ ತೆರೆದವು, ಸ್ವರವೇ ಬರ್ಲಿಲ್ಲ. ಆದ್ರೂ ನನಗೆ ಈಗಲೂ ಕೇಳ್ತದೆ.”

ಸಾವಿರದ ಒಂಬೈನೂರ ಅರುವತ್ತೆರಡರಲ್ಲಿ ಅವನು ತೀರಿಕೊಂಡ. ಉತ್ತರಕ್ರಿಯೆಯ ಬೊಜ್ಜಕ್ಕೆ ಮೊದಲು ದುಗ್ಗಮ್ಮನ ಮೈದುನ ಚನಿಯಪ್ಪ ಗೋಡೆಗೆ ಸುಣ್ಣ ಬಳಿಯತೊಡಗಿದ. ಸುಣ್ಣದಡಿ ಒಂದು ಹೇಸರಗತ್ತೆಯ ಬಾಯಿ ಮುಚ್ಚಿಹೋಯಿತು. ದುಗ್ಗಮ್ಮ ಓಡಿ ಬಂದಳು.

“ನಿಲ್ಲಿಸು ಚನಿಯಪ್ಪ! ಅದು ಕೂಗ್ತಾ ಉಂಟು.”

“ನನಗೆಂತ ಕೇಳುದಿಲ್ಲವಲ್ಲ ಅತ್ತಿಗೆ.”

ಅವಳು ಹಸಿ ಸುಣ್ಣವನ್ನು ಸೆರಗಿನಿಂದ ಒರೆಸಿದಳು. ಸುಣ್ಣದ ಜೊತೆ ಬಾಯಿಯೂ ಅಳಿಸಿಹೋಯಿತು. ಒಲೆಯಿಂದ ಇದ್ದಿಲು ತಂದು, ಎಂದೂ ಚಿತ್ರ ಬಿಡಿಸದ ದುಗ್ಗಮ್ಮ ಆ ಬಾಯಿಯನ್ನು ತಿರುಗಿ ಬರೆಯತೊಡಗಿದಳು.